ಫ್ಯಾಂಟಸಿ ಫುಟ್‌ಬಾಲ್‌ನ ಋತುಪೂರ್ವ ಅಂದಾಜು

ಫ್ಯಾಂಟಸಿ ಫುಟ್‌ಬಾಲ್‌ನ ಋತುಪೂರ್ವ ಅಂದಾಜು ಎಂಬುದು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಋತು ಆರಂಭವಾಗುವ ಮುನ್ನ ಸಿದ್ಧಪಡಿಸುವ ಸಂಖ್ಯಾತ್ಮಕ ಮುನ್ನೋಟವಾಗಿದೆ. ಒಂದು ತಂಡದ ಪ್ರತಿಯೊಬ್ಬ ಆಟಗಾರನು ಆ ವರ್ಷ ಎಷ್ಟು ಯಾರ್ಡ್ ಕ್ರಮಿಸಬಹುದು, ಎಷ್ಟು ಬಾರಿ ಚೆಂಡನ್ನು ಹಿಡಿಯಬಹುದು, ಎಷ್ಟು ಟಚ್‌ಡೌನ್ ಗಳಿಸಬಹುದು ಮತ್ತು ಇವುಗಳಿಂದ ಫ್ಯಾಂಟಸಿ ಆಟದಲ್ಲಿ ಅವನಿಗೆ ಎಷ್ಟು ಅಂಕ ದೊರೆಯಬಹುದು ಎಂಬುದನ್ನು ಇದು ತಿಳಿಸುತ್ತದೆ. ಇಲ್ಲಿ ಫುಟ್‌ಬಾಲ್ ಎಂದರೆ ಭಾರತದಲ್ಲಿ ಕಾಲ್ಚೆಂಡಾಟವೆಂದು ಪರಿಚಿತವಾಗಿರುವ ಆಟವಲ್ಲ; ಎರಡು ತುದಿಗಳಲ್ಲಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಹಾಗೂ ಎಸೆದು ಹಿಡಿಯುವ ಅಮೆರಿಕನ್ ಫುಟ್‌ಬಾಲ್.

ಈ ಅಂದಾಜನ್ನು ಭವಿಷ್ಯವಾಣಿಯೆಂದು ಭಾವಿಸುವವರು ಹಲವರಿದ್ದಾರೆ. ವಾಸ್ತವದಲ್ಲಿ ಇದು ಬಿತ್ತನೆಗೆ ಮೊದಲು ಮಾಡುವ ಬೆಳೆ ಅಂದಾಜಿನಂತಹುದು. ಮಳೆ ವಾಡಿಕೆಯಂತೆ ಬಂದರೆ ಇಷ್ಟು ಇಳುವರಿ ಬರಬಹುದು ಎಂದು ಹೇಳಬಲ್ಲುದೇ ಹೊರತು, ಮಳೆ ಬರುತ್ತದೆಯೇ ಎಂಬುದನ್ನು ಹೇಳಲಾರದು. ಇದಕ್ಕೆ 2023ರ ನ್ಯೂಯಾರ್ಕ್ ಜೆಟ್ಸ್ ತಂಡ ಅತ್ಯಂತ ಸ್ಪಷ್ಟವಾದ ನಿದರ್ಶನವಾದ್ದರಿಂದ ಅದನ್ನು ಮುಂದೆ ವಿವರವಾಗಿ ನೀಡಲಾಗಿದೆ.

ಆಟದ ಹಿನ್ನೆಲೆ

ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ, ಅಂದರೆ ಎನ್‌ಎಫ್‌ಎಲ್‌ನಲ್ಲಿ, 32 ತಂಡಗಳಿವೆ. 2021ರಿಂದ ಪ್ರತಿ ತಂಡವೂ 18 ವಾರಗಳ ಅವಧಿಯಲ್ಲಿ 17 ಪಂದ್ಯಗಳನ್ನು ಆಡುತ್ತದೆ. ಋತು ಸೆಪ್ಟೆಂಬರ್‌ನಲ್ಲಿ ಆರಂಭವಾಗಿ ಜನವರಿಯ ಮೊದಲ ಭಾಗದವರೆಗೆ ನಡೆಯುತ್ತದೆ; ಬಳಿಕ ನಾಕೌಟ್ ಪಂದ್ಯಗಳು. ಫ್ಯಾಂಟಸಿ ಆಟದಲ್ಲಿ ಸಾಮಾನ್ಯವಾಗಿ 10 ಅಥವಾ 12 ಮಂದಿ ಗೆಳೆಯರೋ ಸಹೋದ್ಯೋಗಿಗಳೋ ಸೇರಿ ತಮ್ಮದೇ ಒಂದು ಕೂಟ ಕಟ್ಟಿಕೊಳ್ಳುತ್ತಾರೆ. ಆಗಸ್ಟ್ ತಿಂಗಳಿನಲ್ಲಿ ಸರದಿಯ ಪ್ರಕಾರ ನಿಜವಾದ ಆಟಗಾರರನ್ನು ಹೆಸರಿಸಿ ತಮ್ಮ ಕಾಲ್ಪನಿಕ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ಈ ಆಯ್ಕೆಯ ವಿಧಿಗೆ ಡ್ರಾಫ್ಟ್ ಎಂದು ಹೆಸರು. ಒಬ್ಬರು ಆರಿಸಿದ ಆಟಗಾರನನ್ನು ಅದೇ ಕೂಟದ ಇನ್ನೊಬ್ಬರು ಆರಿಸುವಂತಿಲ್ಲ. ಆ ಬಳಿಕ ಪ್ರತಿ ವಾರ ಮೈದಾನದಲ್ಲಿ ಆ ಆಟಗಾರರು ಏನು ಸಾಧಿಸುತ್ತಾರೋ ಅದೇ ಕಾಲ್ಪನಿಕ ತಂಡದ ಅಂಕವಾಗುತ್ತದೆ.

ಈ ಆಟದ ಮೂಲವನ್ನು 1962ಕ್ಕೆ ಗುರುತಿಸಲಾಗುತ್ತದೆ. ಓಕ್ಲಂಡ್ ರೇಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾದ ಬಿಲ್ ವಿಂಕೆನ್‌ಬಾಕ್ ಅವರು ತಂಡದೊಡನೆ ನ್ಯೂಯಾರ್ಕ್‌ಗೆ ಹೋಗಿದ್ದಾಗ, ತಂಡದ ಬಿಲ್ ಟನೆಲ್ ಮತ್ತು ಪತ್ರಕರ್ತ ಸ್ಕಾಟಿ ಸ್ಟರ್ಲಿಂಗ್ ಅವರ ಜೊತೆ ಹೋಟೆಲಿನಲ್ಲಿ ಕುಳಿತು ನಿಯಮಗಳನ್ನು ರೂಪಿಸಿದರು. ಮೊದಲ ಡ್ರಾಫ್ಟ್ 1963ರಲ್ಲಿ ವಿಂಕೆನ್‌ಬಾಕ್ ಅವರ ಮನೆಯಲ್ಲಿ ನಡೆಯಿತು. ಅಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವರು ಜಾರ್ಜ್ ಬ್ಲಾಂಡಾ. ಅಂದು ಲೆಕ್ಕವೆಲ್ಲ ಕಾಗದದ ಮೇಲೆ, ಆಟಗಾರರ ಬಗೆಗಿನ ತಿಳಿವಳಿಕೆಯೆಲ್ಲ ಪತ್ರಿಕೆಯ ಕ್ರೀಡಾಪುಟದಿಂದ. ಅಂತರಜಾಲ ಬಂದ ಮೇಲೆ ಅಂಕಗಳ ಗಣನೆ ತಾನೇ ತಾನಾಗಿ ನಡೆಯತೊಡಗಿ, ಆಡುವವರ ಸಂಖ್ಯೆ ಬಹುವಾಗಿ ಬೆಳೆಯಿತು. ಅದರೊಂದಿಗೆ ಋತುಪೂರ್ವ ಅಂದಾಜು ತಯಾರಿಸುವುದೂ ಒಂದು ಪ್ರತ್ಯೇಕ ವೃತ್ತಿಯಾಯಿತು. ಇಎಸ್‌ಪಿಎನ್ ಸಂಸ್ಥೆಯ ಮೈಕ್ ಕ್ಲೇ ಅವರು ಪ್ರತಿ ವರ್ಷ 32 ತಂಡಗಳಿಗೂ ತಂಡವಾರು ಅಂದಾಜು ಪ್ರಕಟಿಸುವುದರಿಂದ ಪರಿಚಿತರು. ಹಲವು ತಜ್ಞರ ಅಂದಾಜುಗಳನ್ನು ಒಟ್ಟುಗೂಡಿಸಿ ಸರಾಸರಿ ನೀಡುವ ಫ್ಯಾಂಟಸಿಪ್ರೋಸ್‌ನಂತಹ ತಾಣಗಳೂ ಇವೆ.

ಅಂಕಗಳ ಲೆಕ್ಕ

ಕೂಟದಿಂದ ಕೂಟಕ್ಕೆ ನಿಯಮ ಬದಲಾಗುತ್ತದೆಯಾದರೂ ಪ್ರಚಲಿತ ಪದ್ಧತಿ ಹೀಗಿದೆ. ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎಸೆತದ ಪ್ರತಿ 25 ಯಾರ್ಡ್‌ಗೆ 1 ಅಂಕ, ಟಚ್‌ಡೌನ್ ಆಗುವ ಎಸೆತಕ್ಕೆ 4 ಅಂಕ. ಎಸೆದ ಚೆಂಡು ಎದುರಾಳಿಯ ಕೈಸೇರಿದರೆ, ಅಂದರೆ ಇಂಟರ್‌ಸೆಪ್ಷನ್ ಆದರೆ, 2 ಅಂಕ ಕಡಿತ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್, ಎಸೆತವನ್ನು ಹಿಡಿಯುವ ವೈಡ್ ರಿಸೀವರ್ ಮತ್ತು ಟೈಟ್ ಎಂಡ್ ಆಟಗಾರರಿಗೆ ಪ್ರತಿ 10 ಯಾರ್ಡ್‌ಗೆ 1 ಅಂಕ, ಟಚ್‌ಡೌನ್‌ಗೆ 6 ಅಂಕ. ಇದಲ್ಲದೆ ಅನೇಕ ಕೂಟಗಳಲ್ಲಿ ಚೆಂಡನ್ನು ಹಿಡಿದ ಪ್ರತಿ ಬಾರಿಗೆ ಒಂದು ಅಂಕವನ್ನು ಹೆಚ್ಚುವರಿಯಾಗಿ ಕೊಡುತ್ತಾರೆ. ಇದನ್ನು ಪಿಪಿಆರ್ ಪದ್ಧತಿ ಎನ್ನುತ್ತಾರೆ. ಕೆಲವರು ಅರ್ಧ ಅಂಕ ಕೊಡುತ್ತಾರೆ, ಕೆಲವರು ಕೊಡುವುದೇ ಇಲ್ಲ. ಈ ಲೇಖನದ ಎಲ್ಲ ಲೆಕ್ಕಗಳೂ ಪಿಪಿಆರ್ ಪದ್ಧತಿಯವು. ಚೆಂಡು ಕೈಜಾರಿದ್ದಕ್ಕೆ ವಿಧಿಸುವ ದಂಡ ಮೊದಲಾದ ಸಣ್ಣ ಬಾಬತ್ತುಗಳನ್ನು ಇಲ್ಲಿ ಬಿಟ್ಟಿದೆ.

ಅಂದಾಜು ಓದುವಾಗ ಅದು ಯಾವ ಪದ್ಧತಿಗೆ ಸೇರಿದ್ದು ಎಂಬುದನ್ನು ಮೊದಲು ನೋಡಬೇಕು. ಒಂದೇ ಆಟಗಾರನ ಮೌಲ್ಯ ಪದ್ಧತಿ ಬದಲಾದರೆ ಎರಡು–ಮೂರು ಸುತ್ತುಗಳಷ್ಟು ಮೇಲೆ ಕೆಳಗೆ ಆಗುವುದುಂಟು.

ಅಂದಾಜು ಸಿದ್ಧವಾಗುವ ಬಗೆ

ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ಒಬ್ಬೊಬ್ಬ ಆಟಗಾರನನ್ನೂ ಬಿಡಿಯಾಗಿ ತೂಗುವುದು. ಇವನು ಪ್ರತಿಭಾವಂತ, ಆದ್ದರಿಂದ 1,300 ಯಾರ್ಡ್; ಅವನೂ ಪ್ರತಿಭಾವಂತ, ಅವನಿಗೂ 1,200 ಯಾರ್ಡ್ ಎಂದು ಬರೆಯುತ್ತಾ ಹೋದರೆ, ಕೊನೆಗೆ ಕೂಡಿಸಿದಾಗ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಎಸೆಯಲಾರದಷ್ಟು ಯಾರ್ಡ್ ಆಗಿರುತ್ತದೆ. ಮೈದಾನದಲ್ಲಿ ಚೆಂಡು ಒಂದೇ. ಒಬ್ಬನ ಪಾಲು ಹೆಚ್ಚಿದರೆ ಮತ್ತೊಬ್ಬನ ಪಾಲು ಕಡಿಮೆಯಾಗಲೇಬೇಕು. ಆದ್ದರಿಂದ ಅನುಭವಿಗಳು ಮೊದಲು ಇಡೀ ತಂಡದ ಲೆಕ್ಕ ಹಾಕಿ, ಅನಂತರ ಅದನ್ನು ಆಟಗಾರರಿಗೆ ಹಂಚುತ್ತಾರೆ. ತಂಡವಾರು ಅಂದಾಜಿಗೆ ಇರುವ ಮಹತ್ವ ಇದೇ.

ಹಂಚಿಕೆಯ ಕ್ರಮವನ್ನು ಒಂದು ಮಾದರಿ ಲೆಕ್ಕದಿಂದ ತಿಳಿಯಬಹುದು. ಇದು ವಿವರಣೆಗಾಗಿ ಮಾಡಿದ ಲೆಕ್ಕವೇ ಹೊರತು ಯಾವುದೇ ತಜ್ಞರು ಪ್ರಕಟಿಸಿದ್ದಲ್ಲ. ತಂಡವು ಪಂದ್ಯಕ್ಕೆ 62ರಂತೆ 17 ಪಂದ್ಯಗಳಲ್ಲಿ 1,054 ಬಾರಿ ಚೆಂಡನ್ನು ಆಡುತ್ತದೆ ಎನ್ನೋಣ. ಇದರಲ್ಲಿ ಶೇಕಡ 57ರಷ್ಟು ಎಸೆತದ ಆಟಗಳಾದರೆ ಸುಮಾರು 601 ಆಯಿತು. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ನೆಲಕ್ಕುರುಳುವ ಸಂದರ್ಭಗಳನ್ನು 40 ಎಂದು ಕಳೆದರೆ ಉಳಿಯುವ ಎಸೆತಗಳು 561. ಪ್ರಧಾನ ವೈಡ್ ರಿಸೀವರ್‌ನತ್ತ ಶೇಕಡ 27ರಷ್ಟು ಎಸೆತಗಳು ಬಂದರೆ 151. ಇವುಗಳಿಗೆ ಟಾರ್ಗೆಟ್ ಎನ್ನುತ್ತಾರೆ. ಶೇಕಡ 62ರಷ್ಟನ್ನು ಹಿಡಿದರೆ 94 ಹಿಡಿತ. ಹಿಡಿತಕ್ಕೆ 12 ಯಾರ್ಡ್‌ನಂತೆ 1,128 ಯಾರ್ಡ್. ಜೊತೆಗೆ 7 ಟಚ್‌ಡೌನ್ ಎಂದಿಟ್ಟುಕೊಂಡರೆ 94, 112.8 ಮತ್ತು 42 ಸೇರಿ 248.8 ಅಂಕ.

ಈ ಸರಪಳಿಯ ಕೊಂಡಿಗಳೆಲ್ಲ ಒಂದೇ ಬಲದವಲ್ಲ ಎಂಬುದು ಮುಖ್ಯ. ಒಬ್ಬ ಆಟಗಾರನತ್ತ ಎಷ್ಟು ಎಸೆತ ಬರುತ್ತದೆ ಎಂಬುದು ವರ್ಷದಿಂದ ವರ್ಷಕ್ಕೆ ಬಹುಮಟ್ಟಿಗೆ ಸ್ಥಿರ. ಅದನ್ನು ಊಹಿಸುವುದು ಸುಲಭ. ಟಚ್‌ಡೌನ್‌ಗಳ ಸಂಖ್ಯೆ ಮಾತ್ರ ಬಲು ಚಂಚಲ. ಗುರಿರೇಖೆಗೆ ಎರಡು ಯಾರ್ಡ್ ಇದ್ದಾಗ ತರಬೇತುದಾರನು ಯಾರ ಕೈಗೆ ಚೆಂಡು ಕೊಡಿಸುತ್ತಾನೆ ಎಂಬ ಒಂದೊಂದು ನಿರ್ಧಾರಕ್ಕೂ ಇಲ್ಲಿ ಆರಾರು ಅಂಕಗಳ ಬೆಲೆ. ಆದ್ದರಿಂದ ಹಿಂದಿನ ವರ್ಷ ಅಸಾಧಾರಣವಾಗಿ ಹೆಚ್ಚು ಟಚ್‌ಡೌನ್ ಗಳಿಸಿದವನಿಗೆ ಈ ವರ್ಷ ಕಡಿಮೆಯನ್ನೂ, ತೀರ ಕಡಿಮೆ ಗಳಿಸಿದವನಿಗೆ ಸ್ವಲ್ಪ ಹೆಚ್ಚನ್ನೂ ಬರೆಯುವುದು ವಾಡಿಕೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ.

ಹಿಂದಿನ ವರ್ಷಗಳ ಸಾಧನೆಯನ್ನು ಹೇಗೆ ಬಳಸಬೇಕೆಂಬುದಕ್ಕೆ ಬೇಸ್‌ಬಾಲ್ ಅಧ್ಯಯನದಿಂದ ಬಂದ ಒಂದು ಸರಳ ಸೂತ್ರವಿದೆ. ಟಾಮ್ ಟ್ಯಾಂಗೊ ಎಂಬ ಹೆಸರಿನಿಂದ ಬರೆಯುವ ವಿಶ್ಲೇಷಕರು ರೂಪಿಸಿದ ಮಾರ್ಸೆಲ್ ಪದ್ಧತಿಯಲ್ಲಿ ದಾಂಡಿಗರ ಇತ್ತೀಚಿನ ವರ್ಷಕ್ಕೆ 5, ಅದರ ಹಿಂದಿನದಕ್ಕೆ 4, ಅದಕ್ಕೂ ಹಿಂದಿನದಕ್ಕೆ 3 ಎಂದು ತೂಕ ಕೊಟ್ಟು, ಬಳಿಕ ಒಟ್ಟು ಲೀಗ್‌ನ ಸರಾಸರಿ ಮತ್ತು ವಯಸ್ಸಿಗೆ ತಕ್ಕಂತೆ ತಿದ್ದಲಾಗುತ್ತದೆ. ಮಾರ್ಸೆಲ್ ಎಂಬುದು ದೂರದರ್ಶನ ಹಾಸ್ಯಸರಣಿಯೊಂದರಲ್ಲಿ ಬರುವ ಕೋತಿಯ ಹೆಸರು. ಕೋತಿಯೂ ಮಾಡಬಹುದಾದಷ್ಟು ಸುಲಭದ ಲೆಕ್ಕ ಎಂಬುದು ಇಂಗಿತ. ಇದಕ್ಕಿಂತ ಜಟಿಲವಾದ ಎಷ್ಟೋ ಪದ್ಧತಿಗಳು ಇದನ್ನು ಅಲ್ಪ ಅಂತರದಿಂದ ಮಾತ್ರ ಮೀರಿಸಬಲ್ಲವು ಎಂಬುದರಲ್ಲಿ ಈ ಕ್ಷೇತ್ರದವರಿಗೆ ಒಂದು ಪಾಠವೇ ಇದೆ.

ಫುಟ್‌ಬಾಲ್‌ನಲ್ಲಿ ಇಂತಹ ಸೂತ್ರವಷ್ಟೇ ಸಾಲದು. ಪಂದ್ಯಗಳ ಸಂಖ್ಯೆ ಕಡಿಮೆ, ಒಬ್ಬನ ಆಟ ಇನ್ನೊಬ್ಬನ ಮೇಲೆ ಅವಲಂಬಿತ. ತರಬೇತುದಾರ ಬದಲಾದರೆ, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂಚೂಣಿಯವರು ಗಾಯಗೊಂಡರೆ, ಹೊಸ ಆಟಗಾರ ಬಂದರೆ ಇಡೀ ಹಂಚಿಕೆ ಏರುಪೇರಾಗುತ್ತದೆ. ಇಲ್ಲಿ ಅಂದಾಜುಗಾರನ ವಿವೇಚನೆ ಸೂತ್ರದೊಳಗೆ ಪ್ರವೇಶಿಸುತ್ತದೆ. ವಿವೇಚನೆಯ ಜೊತೆಗೇ ಆಸೆಯೂ ಪ್ರವೇಶಿಸುವ ಅಪಾಯವಿದೆ.

ನಿದರ್ಶನ: 2023ರ ನ್ಯೂಯಾರ್ಕ್ ಜೆಟ್ಸ್

2022ರಲ್ಲಿ ಜೆಟ್ಸ್ ತಂಡದ ರಕ್ಷಣಾ ವಿಭಾಗ ಉತ್ತಮವಾಗಿತ್ತು. ವೈಡ್ ರಿಸೀವರ್ ಗ್ಯಾರೆಟ್ ವಿಲ್ಸನ್ ವರ್ಷದ ಅತ್ಯುತ್ತಮ ಹೊಸ ಆಕ್ರಮಣ ಆಟಗಾರನೆಂದೂ, ಸಾಸ್ ಗಾರ್ಡ್ನರ್ ಅತ್ಯುತ್ತಮ ಹೊಸ ರಕ್ಷಣಾ ಆಟಗಾರನೆಂದೂ ಪ್ರಶಸ್ತಿ ಪಡೆದಿದ್ದರು. ಕೊರತೆಯಿದ್ದದ್ದು ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ. 2023ರ ಏಪ್ರಿಲ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದಿಂದ ಏರನ್ ರಾಜರ್ಸ್ ಅವರನ್ನು ತಂದುಕೊಂಡಾಗ ಆ ಕೊರತೆ ನೀಗಿತೆಂದು ಎಲ್ಲರೂ ಭಾವಿಸಿದರು. ರಾಜರ್ಸ್ 2020 ಮತ್ತು 2021ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದಾಗ ಪ್ಯಾಕರ್ಸ್‌ನ ಆಕ್ರಮಣ ಸಂಯೋಜಕರಾಗಿದ್ದ ನಥಾನಿಯಲ್ ಹ್ಯಾಕೆಟ್ ಅವರೇ ಈಗ ಜೆಟ್ಸ್‌ನಲ್ಲಿ ಅದೇ ಹುದ್ದೆಯಲ್ಲಿದ್ದರು. ಹಳೆಯ ಜೊತೆಗಾರರಾದ ಅಲೆನ್ ಲಝಾರ್ಡ್ ಮತ್ತು ರ‍್ಯಾಂಡಲ್ ಕಾಬ್ ಕೂಡ ಬಂದರು. ಎಚ್‌ಬಿಒ ವಾಹಿನಿಯ ಹಾರ್ಡ್ ನಾಕ್ಸ್ ಸರಣಿ ಆ ಬೇಸಿಗೆಯಲ್ಲಿ ಈ ತಂಡದ ತರಬೇತಿ ಶಿಬಿರವನ್ನೇ ಚಿತ್ರೀಕರಿಸಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದಕ್ಕೆ ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಿರಲಿಲ್ಲ.

ರಾಜರ್ಸ್ ಅವರ ಅಂದಾಜು ಮಾಡಬೇಕಾದವರ ಮುಂದೆ ಮೂರು ವರ್ಷಗಳ ಅಂಕಿಗಳಿದ್ದವು. 2020ರಲ್ಲಿ 4,299 ಯಾರ್ಡ್, 48 ಟಚ್‌ಡೌನ್, 5 ಇಂಟರ್‌ಸೆಪ್ಷನ್. 2021ರಲ್ಲಿ 4,115 ಯಾರ್ಡ್, 37 ಟಚ್‌ಡೌನ್, 4 ಇಂಟರ್‌ಸೆಪ್ಷನ್. 2022ರಲ್ಲಿ 3,695 ಯಾರ್ಡ್, 26 ಟಚ್‌ಡೌನ್, 12 ಇಂಟರ್‌ಸೆಪ್ಷನ್. ಎಸೆತದಿಂದ ಮಾತ್ರ ಬಂದ ಅಂಕಗಳನ್ನು ಲೆಕ್ಕ ಹಾಕಿದರೆ ಕ್ರಮವಾಗಿ ಸುಮಾರು 354, 305 ಮತ್ತು 228. ಮೇಲೆ ಹೇಳಿದ 5–4–3ರ ತೂಕವನ್ನು ಇಲ್ಲಿ ಅನ್ವಯಿಸಿದರೆ 3,986 ಯಾರ್ಡ್, 35 ಟಚ್‌ಡೌನ್, ಸುಮಾರು 8 ಇಂಟರ್‌ಸೆಪ್ಷನ್, ಒಟ್ಟು 285ರ ಆಸುಪಾಸಿನ ಅಂಕ ಬರುತ್ತದೆ.

ಆದರೆ ಈ ಸಂಖ್ಯೆಯನ್ನು ಹಾಗೆಯೇ ಒಪ್ಪುವಂತಿರಲಿಲ್ಲ. ಮೂರೂ ವರ್ಷಗಳಲ್ಲಿ ಅಂಕ ಇಳಿಯುತ್ತಲೇ ಬಂದಿತ್ತು. ಋತು ಆರಂಭವಾಗುವಾಗ ರಾಜರ್ಸ್‌ಗೆ 39 ವರ್ಷ, ಡಿಸೆಂಬರ್‌ಗೆ 40. ಇದು ಒಂದು ಪಕ್ಷದ ವಾದ. ಇನ್ನೊಂದು ಪಕ್ಷದವರು, 2022ರಲ್ಲಿ ಅವರ ಹೆಬ್ಬೆರಳು ಮುರಿದಿತ್ತು, ಮುಖ್ಯ ಜೊತೆಗಾರ ಡವಾಂಟೆ ಆಡಮ್ಸ್ ಆ ವರ್ಷವೇ ತಂಡ ಬಿಟ್ಟಿದ್ದರು, ಆದ್ದರಿಂದ ಆ ವರ್ಷವನ್ನು ಅಪವಾದವೆಂದು ಪರಿಗಣಿಸಬೇಕು ಎಂದರು. ಎರಡೂ ವಾದಗಳಲ್ಲಿ ಹುರುಳಿತ್ತು. ಎರಡೂ ವಾದಗಳು ಒಂದು ವಿಷಯವನ್ನು ಮಾತ್ರ ಚರ್ಚೆಯಿಲ್ಲದೆ ಒಪ್ಪಿಕೊಂಡಿದ್ದವು: ರಾಜರ್ಸ್ ಮೈದಾನದಲ್ಲಿ ಇರುತ್ತಾರೆ ಎಂಬುದನ್ನು.

ಸೆಪ್ಟೆಂಬರ್ 11ರ ಸೋಮವಾರ ರಾತ್ರಿ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ ಬಫಲೊ ಬಿಲ್ಸ್ ವಿರುದ್ಧ ಜೆಟ್ಸ್‌ನ ಮೊದಲ ಪಂದ್ಯ. ತಂಡದ ನಾಲ್ಕನೆಯ ಆಟದಲ್ಲಿ ಬಿಲ್ಸ್‌ನ ಲಿಯೊನಾರ್ಡ್ ಫ್ಲಾಯ್ಡ್ ರಾಜರ್ಸ್ ಅವರನ್ನು ಹಿಡಿದು ಕೆಡವಿದರು. ರಾಜರ್ಸ್ ಎದ್ದು ನಿಂತು, ಮತ್ತೆ ನೆಲದ ಮೇಲೆ ಕುಳಿತುಬಿಟ್ಟರು. ಎಡಗಾಲಿನ ಹಿಮ್ಮಡಿಯ ಮೇಲಿರುವ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ಅವರ ಆ ಋತು ಅಲ್ಲಿಗೇ ಮುಗಿಯಿತು. ದಾಖಲೆಯಲ್ಲಿ ಉಳಿದದ್ದು ಗುರಿ ಸೇರದ ಒಂದು ಎಸೆತ, ಸೊನ್ನೆ ಯಾರ್ಡ್. ಆ ಪಂದ್ಯವನ್ನು ಜೆಟ್ಸ್ ಹೆಚ್ಚುವರಿ ಸಮಯದಲ್ಲಿ 22–16ರಿಂದ ಗೆದ್ದಿತು; ಗೆಲ್ಲಿಸಿದ್ದು ಝೇವಿಯರ್ ಗಿಪ್ಸನ್ ಎಂಬ ಹೊಸ ಆಟಗಾರ ಎದುರಾಳಿಯ ಪಂಟ್ ಒದೆತವನ್ನು ಹಿಡಿದು 65 ಯಾರ್ಡ್ ಓಡಿ ಗಳಿಸಿದ ಟಚ್‌ಡೌನ್. ಗಿಪ್ಸನ್ ಅವರನ್ನು ಎನ್‌ಎಫ್‌ಎಲ್‌ನ ವಾರ್ಷಿಕ ಆಯ್ಕೆಯಲ್ಲಿ ಯಾವ ತಂಡವೂ ಆರಿಸಿರಲಿಲ್ಲ.

ರಾಜರ್ಸ್ ಬದಲಿಗೆ ಝ್ಯಾಕ್ ವಿಲ್ಸನ್ ಆಡಿದರು. ಆ ವರ್ಷ ಅವರ ಗಳಿಕೆ 2,271 ಯಾರ್ಡ್, 8 ಟಚ್‌ಡೌನ್, 7 ಇಂಟರ್‌ಸೆಪ್ಷನ್. ಎಸೆತದ ಅಂಕ ಸುಮಾರು 109. ನಡುವೆ ಟಿಮ್ ಬಾಯ್ಲ್, ಟ್ರೆವರ್ ಸೀಮಿಯನ್ ಕೂಡ ಆ ಸ್ಥಾನದಲ್ಲಿ ಆಡಿದರು. ತಂಡ 7 ಪಂದ್ಯ ಗೆದ್ದು 10ರಲ್ಲಿ ಸೋತಿತು.

ಈ ಒಂದು ಗಾಯ ಉಳಿದವರ ಅಂದಾಜನ್ನು ಹೇಗೆ ಬದಲಿಸಿತು ಎಂಬುದು ಹೆಚ್ಚು ಬೋಧಪ್ರದ. ಏಕೆಂದರೆ ಎಲ್ಲರ ಅಂಕವೂ ಒಂದೇ ದಿಕ್ಕಿನಲ್ಲಿ ಬದಲಾಗಲಿಲ್ಲ.

ಗ್ಯಾರೆಟ್ ವಿಲ್ಸನ್ ಅವರನ್ನು 12 ಮಂದಿಯ ಕೂಟಗಳಲ್ಲಿ ಮೊದಲ ಎರಡು ಸುತ್ತುಗಳಲ್ಲೇ ಆರಿಸಲಾಗುತ್ತಿತ್ತು. 2022ರಲ್ಲಿ ದುರ್ಬಲ ಕ್ವಾರ್ಟರ್‌ಬ್ಯಾಕ್‌ಗಳ ಜೊತೆ 147 ಟಾರ್ಗೆಟ್, 83 ಹಿಡಿತ, 1,103 ಯಾರ್ಡ್, 4 ಟಚ್‌ಡೌನ್ ಗಳಿಸಿದ್ದ ಆಟಗಾರ, ರಾಜರ್ಸ್ ಜೊತೆ ಎಷ್ಟು ಬೆಳೆಯಬಹುದು ಎಂಬುದು ಲೆಕ್ಕಾಚಾರದ ತಿರುಳು. 2023ರಲ್ಲಿ ಅವರಿಗೆ ಬಂದ ಟಾರ್ಗೆಟ್‌ಗಳು 168, ಹಿಡಿತ 95, ಯಾರ್ಡ್ 1,042, ಟಚ್‌ಡೌನ್ 3. ಹಿಡಿತಗಳಿಂದ ಬಂದ ಅಂಕ 2022ರಲ್ಲಿ 217.3, 2023ರಲ್ಲಿ 217.2. ಇಪ್ಪತ್ತೊಂದು ಟಾರ್ಗೆಟ್ ಹೆಚ್ಚು ಬಂದರೂ ಅಂಕದಲ್ಲಿ ಒಂದಿಷ್ಟೂ ಏರಿಕೆಯಿಲ್ಲ. ಹಿಡಿತದ ಪ್ರಮಾಣ ಎರಡೂ ವರ್ಷ ಶೇಕಡ 56.5, ಆದರೆ ಪ್ರತಿ ಹಿಡಿತಕ್ಕೆ ಬಂದ ಯಾರ್ಡ್ 13.3ರಿಂದ 11ಕ್ಕೆ ಇಳಿದಿತ್ತು. ಮೇಲಿನ ಮಾದರಿ ಲೆಕ್ಕದೊಂದಿಗೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎಷ್ಟು ಬಾರಿ ಚೆಂಡು ಇವರತ್ತ ಬರುತ್ತದೆ ಎಂಬ ಕೊಂಡಿ ನಿರೀಕ್ಷೆಯನ್ನೂ ಮೀರಿತು. ಅದು ಎಂತಹ ಎಸೆತವಾಗಿರುತ್ತದೆ ಎಂಬ ಕೊಂಡಿ ಕಳಚಿತು. ಅಂದಾಜಿನಲ್ಲಿ ತಪ್ಪಾದದ್ದು ಗ್ಯಾರೆಟ್ ವಿಲ್ಸನ್ ಬಗೆಗಿನ ತೀರ್ಮಾನವಲ್ಲ, ಚೆಂಡು ಎಸೆಯುವವರ ಬಗೆಗಿನ ತೀರ್ಮಾನ.

ರನ್ನಿಂಗ್ ಬ್ಯಾಕ್ ಬ್ರೀಸ್ ಹಾಲ್ ಅವರದು ಇದಕ್ಕೆ ವಿರುದ್ಧವಾದ ಕಥೆ. 2022ರಲ್ಲಿ ಏಳು ಪಂದ್ಯಗಳಲ್ಲಿ 80 ಓಟಗಳಿಂದ 463 ಯಾರ್ಡ್ ಗಳಿಸಿ ಭರವಸೆ ಮೂಡಿಸಿದ್ದ ಹಾಲ್, ಅಕ್ಟೋಬರ್‌ನಲ್ಲಿ ಡೆನ್ವರ್ ವಿರುದ್ಧ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಹೊರಗುಳಿದಿದ್ದರು. ಮೊಣಕಾಲು ಪೂರ್ಣ ವಾಸಿಯಾಗಿದೆಯೇ ಎಂಬ ಸಂದೇಹ ಇದ್ದೇ ಇತ್ತು. ಅದರ ಮೇಲೆ 2023ರ ಆಗಸ್ಟ್‌ನಲ್ಲಿ, ಮಿನೆಸೋಟ ವೈಕಿಂಗ್ಸ್ ಪರ ಸತತ ನಾಲ್ಕು ವರ್ಷ ಸಾವಿರ ಯಾರ್ಡ್ ದಾಟಿದ್ದ ಡಾಲ್ವಿನ್ ಕುಕ್ ಅವರನ್ನು ಜೆಟ್ಸ್ ಸೇರಿಸಿಕೊಂಡಿತು. ಚೆಂಡು ಒಂದೇ ಎಂಬ ನಿಯಮದಂತೆ ಅಂದಾಜುಗಾರರು ಹಾಲ್ ಅವರ ಪಾಲನ್ನು ಕಡಿಮೆ ಮಾಡಿದರು, ಡ್ರಾಫ್ಟ್‌ಗಳಲ್ಲಿ ಅವರ ಸ್ಥಾನ ಕುಸಿಯಿತು. ತರ್ಕದಲ್ಲಿ ದೋಷವಿರಲಿಲ್ಲ. ಆದರೆ ಕುಕ್ ಇಡೀ ವರ್ಷದಲ್ಲಿ 67 ಓಟಗಳಿಂದ 214 ಯಾರ್ಡ್ ಗಳಿಸಿದರು. ಒಂದು ಟಚ್‌ಡೌನ್ ಕೂಡ ಬರಲಿಲ್ಲ. ಹಾಲ್ ಮೊದಲ ಪಂದ್ಯದಲ್ಲೇ 10 ಓಟಗಳಲ್ಲಿ 127 ಯಾರ್ಡ್ ಗಳಿಸಿ, ವರ್ಷದ ಕೊನೆಗೆ ಓಟದಿಂದ 994 ಯಾರ್ಡ್, 76 ಹಿಡಿತಗಳಿಂದ 591 ಯಾರ್ಡ್, ಒಟ್ಟು 9 ಟಚ್‌ಡೌನ್ ಪೂರೈಸಿದರು. ಲೆಕ್ಕಕ್ಕೆ 288.5 ಅಂಕ. ಆ ವರ್ಷ ರನ್ನಿಂಗ್ ಬ್ಯಾಕ್‌ಗಳ ಪಿಪಿಆರ್ ಪಟ್ಟಿಯಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ ಅವರ ನಂತರ ಎರಡನೆಯ ಸ್ಥಾನ.

ಈ 76 ಹಿಡಿತಗಳಿಗೆ ತಂಡದ ದೌರ್ಬಲ್ಯವೇ ಒಂದು ಕಾರಣವೆನ್ನಬಹುದು. ಒತ್ತಡಕ್ಕೆ ಸಿಲುಕಿದ ಕ್ವಾರ್ಟರ್‌ಬ್ಯಾಕ್ ದೂರಕ್ಕೆ ಎಸೆಯಲಾಗದೆ ಪಕ್ಕದಲ್ಲಿರುವ ರನ್ನಿಂಗ್ ಬ್ಯಾಕ್‌ಗೆ ಚೆಂಡನ್ನು ದಾಟಿಸುತ್ತಾನೆ. ಪಂದ್ಯದಲ್ಲಿ ಅದು ಸೋಲಿನ ಲಕ್ಷಣ. ಪಿಪಿಆರ್ ಲೆಕ್ಕದಲ್ಲಿ ಒಂದು ಅಂಕ. ಅದೇ ರೀತಿ ಗುರಿರೇಖೆ ತಲುಪಲಾರದೆ ಆಕ್ರಮಣ ನಡುವೆ ನಿಂತಾಗಲೆಲ್ಲ ಒದೆಯುವವನಿಗೆ ಕೆಲಸ ಸಿಗುತ್ತದೆ. ಕಿಕ್ಕರ್ ಗ್ರೆಗ್ ಝೂರ್ಲೈನ್ ಆ ವರ್ಷ 35 ಫೀಲ್ಡ್ ಗೋಲ್ ಗಳಿಸಿದರು.

ಹಾಲ್ ಅವರ ಒಟ್ಟು ಅಂಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೊನೆಯ, ಅಂದರೆ 18ನೆಯ ವಾರದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ ಅವರು 37 ಓಟಗಳಿಂದ 178 ಯಾರ್ಡ್ ಗಳಿಸಿದರು. ಆದರೆ ಬಹುಪಾಲು ಫ್ಯಾಂಟಸಿ ಕೂಟಗಳ ಅಂತಿಮ ಪಂದ್ಯ 17ನೆಯ ವಾರಕ್ಕೇ ಮುಗಿದಿರುತ್ತದೆ. ಕೊನೆಯ ವಾರದಲ್ಲಿ ಅನೇಕ ತಂಡಗಳು ಮುಖ್ಯ ಆಟಗಾರರಿಗೆ ವಿಶ್ರಾಂತಿ ನೀಡುವುದೇ ಇದಕ್ಕೆ ಕಾರಣ. ಹೀಗಾಗಿ ವಾರ್ಷಿಕ ಮೊತ್ತದಲ್ಲಿ ಸೇರಿರುವ ಆ ದಿನದ ಅಂಕಗಳು ಹೆಚ್ಚಿನವರ ಉಪಯೋಗಕ್ಕೆ ಬರಲಿಲ್ಲ. ಅಂದಾಜನ್ನೂ ಫಲಿತಾಂಶವನ್ನೂ ವರ್ಷದ ಮೊತ್ತದಲ್ಲೇ ಹೋಲಿಸುವವರು ಇದನ್ನು ಮರೆಯುತ್ತಾರೆ.

ಲಝಾರ್ಡ್ ಅವರದು 23 ಹಿಡಿತ, 311 ಯಾರ್ಡ್, 1 ಟಚ್‌ಡೌನ್. ಕಾಬ್ ಅವರದು ಕೇವಲ 5 ಹಿಡಿತ. ಇವರಿಬ್ಬರ ಮೌಲ್ಯವೂ ರಾಜರ್ಸ್ ಅವರ ಪರಿಚಯವನ್ನೇ ಆಧರಿಸಿತ್ತು. ಟೈಟ್ ಎಂಡ್ ಟೈಲರ್ ಕಾಂಕ್ಲಿನ್ ಮಾತ್ರ 61 ಹಿಡಿತಗಳಿಂದ 621 ಯಾರ್ಡ್ ಗಳಿಸಿದರೂ ಒಂದೂ ಟಚ್‌ಡೌನ್ ಕಾಣಲಿಲ್ಲ.

ಸರಾಸರಿಯ ತೊಡಕು

ಪ್ರಕಟಿತ ಅಂದಾಜು ಸಾಮಾನ್ಯವಾಗಿ ಒಂದೇ ಸಂಖ್ಯೆ. ಆ ಸಂಖ್ಯೆ ಅನೇಕ ಸಾಧ್ಯತೆಗಳ ಸರಾಸರಿ. 39 ವರ್ಷದ ಕ್ವಾರ್ಟರ್‌ಬ್ಯಾಕ್ ಪೂರ್ಣ ಋತು ಆಡಿದರೆ 280 ಅಂಕ, ಆರಂಭದಲ್ಲೇ ಗಾಯಗೊಂಡರೆ ಸೊನ್ನೆ, ಹಾಗೆ ಗಾಯಗೊಳ್ಳುವ ಸಂಭವ ಹತ್ತರಲ್ಲಿ ಒಂದು ಎಂದು ಭಾವಿಸಿದರೆ ಸರಾಸರಿ 252 ಆಗುತ್ತದೆ. ಆದರೆ ಆ ಆಟಗಾರ 252 ಗಳಿಸುವ ಸನ್ನಿವೇಶ ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಒಂದೋ 280, ಇಲ್ಲವೇ ಸೊನ್ನೆ. ನೂರಾರು ಆಟಗಾರರ ಪಟ್ಟಿಯನ್ನು ಒಟ್ಟಾಗಿ ನೋಡುವವರಿಗೆ 252 ಎಂಬುದು ಸರಿಯಾದ ಉತ್ತರವೇ. ಒಬ್ಬನೇ ಆಟಗಾರನನ್ನು ನೆಚ್ಚಿದವರಿಗೆ ಅದರಿಂದ ದೊರೆಯುವ ಮಾಹಿತಿ ಅಲ್ಪ.

ಈ ಕಾರಣಕ್ಕೆ ಕೆಲವು ಅಂದಾಜುಗಾರರು ಪ್ರತಿ ಆಟಗಾರನಿಗೂ ಗರಿಷ್ಠ ಮತ್ತು ಕನಿಷ್ಠ ಮಿತಿಗಳನ್ನು ನೀಡುತ್ತಾರೆ. ಕೆಲವರು 17 ಪಂದ್ಯಗಳ ಬದಲು 15 ಅಥವಾ 16 ಪಂದ್ಯಗಳಿಗೆ ಮಾತ್ರ ಲೆಕ್ಕ ಹಾಕುತ್ತಾರೆ. ಮತ್ತೆ ಕೆಲವರು ಪಂದ್ಯವೊಂದರ ಸರಾಸರಿಯನ್ನು ಮಾತ್ರ ಹೇಳಿ, ಎಷ್ಟು ಪಂದ್ಯ ಆಡುತ್ತಾನೆ ಎಂಬುದನ್ನು ಓದುಗರ ವಿವೇಚನೆಗೆ ಬಿಡುತ್ತಾರೆ. ಇವುಗಳಲ್ಲಿ ಕೊನೆಯದು ಹೆಚ್ಚು ಪ್ರಾಮಾಣಿಕ ಕ್ರಮ. ಓದುಗರಿಗೆ ಹೆಚ್ಚು ಇಷ್ಟವಾಗುವುದು ಮಾತ್ರ ಮೊದಲ ಪುಟದಲ್ಲಿರುವ ಒಂದೇ ಸಂಖ್ಯೆ.

ನಿಖರತೆಯನ್ನು ಅಳೆಯುವಾಗ ಅಂದಾಜಿಗೂ ಫಲಿತಾಂಶಕ್ಕೂ ಇರುವ ವ್ಯತ್ಯಾಸಗಳ ಸರಾಸರಿಯನ್ನು ನೋಡುತ್ತಾರೆ, ಅಥವಾ ಅಂದಾಜಿನ ಶ್ರೇಯಾಂಕ ನೈಜ ಶ್ರೇಯಾಂಕಕ್ಕೆ ಎಷ್ಟು ಹೊಂದಿತು ಎಂದು ಪರಿಶೀಲಿಸುತ್ತಾರೆ. ಗಾಯದಿಂದ ಆಟ ತಪ್ಪಿದವರನ್ನು ಸೇರಿಸಬೇಕೇ ಬೇಡವೇ ಎಂಬ ಪ್ರಶ್ನೆ ಇಲ್ಲಿಯೂ ಎದುರಾಗುತ್ತದೆ. ಸೇರಿಸಿದರೆ ರಾಜರ್ಸ್‌ರಂತಹ ಒಂದು ಪ್ರಕರಣವೇ ಲೆಕ್ಕವನ್ನು ಕೆಡಿಸುತ್ತದೆ. ಬಿಟ್ಟರೆ ಆಟದ ಅತಿದೊಡ್ಡ ಅನಿಶ್ಚಿತತೆಯನ್ನೇ ಬಿಟ್ಟಂತಾಗುತ್ತದೆ.

ಆಯ್ಕೆಯಲ್ಲಿ ಬಳಕೆ

ಅಂದಾಜಿನ ಮೊತ್ತದ ಪ್ರಕಾರ ಮೇಲಿನಿಂದ ಕೆಳಕ್ಕೆ ಆರಿಸುತ್ತಾ ಹೋಗುವುದು ಸರಿಯಾದ ವಿಧಾನವಲ್ಲ. ಹಾಗೆ ಮಾಡಿದರೆ ಕ್ವಾರ್ಟರ್‌ಬ್ಯಾಕ್‌ಗಳೇ ಮೊದಲು ಖರ್ಚಾಗುತ್ತಾರೆ, ಏಕೆಂದರೆ ಅವರ ಅಂಕಗಳೇ ಹೆಚ್ಚು. ಆದರೆ ಹೆಚ್ಚಿನ ಕೂಟಗಳಲ್ಲಿ ಒಬ್ಬರಿಗೆ ಒಬ್ಬನೇ ಕ್ವಾರ್ಟರ್‌ಬ್ಯಾಕ್ ಸಾಕು, ಹನ್ನೆರಡನೆಯ ಕ್ವಾರ್ಟರ್‌ಬ್ಯಾಕ್ ಕೂಡ ಸಾಕಷ್ಟು ಅಂಕ ತರುತ್ತಾನೆ. ಆದ್ದರಿಂದ ಆಟಗಾರನ ಬೆಲೆಯನ್ನು ಅವನ ಒಟ್ಟು ಅಂಕದಿಂದಲ್ಲದೆ, ಅದೇ ಸ್ಥಾನದಲ್ಲಿ ಸುಲಭವಾಗಿ ಸಿಗಬಹುದಾದ ಬದಲಿ ಆಟಗಾರನಿಗಿಂತ ಎಷ್ಟು ಹೆಚ್ಚು ತರುತ್ತಾನೆ ಎಂಬುದರಿಂದ ಅಳೆಯಬೇಕು. ಜೋ ಬ್ರಯಂಟ್ ಅವರು ಪ್ರಚುರಪಡಿಸಿದ ಈ ತತ್ತ್ವಕ್ಕೆ ಮೌಲ್ಯಾಧಾರಿತ ಆಯ್ಕೆ ಎಂದು ಹೆಸರು. ಜೊತೆಗೆ, ಸಾವಿರಾರು ಡ್ರಾಫ್ಟ್‌ಗಳಲ್ಲಿ ಆಟಗಾರನೊಬ್ಬ ಸರಾಸರಿ ಎಷ್ಟನೆಯವನಾಗಿ ಆಯ್ಕೆಯಾಗುತ್ತಿದ್ದಾನೆ ಎಂಬ ಎಡಿಪಿ ಅಂಕಿಯನ್ನೂ ನೋಡಬೇಕು. ಅಂದಾಜು ಹೇಳುವುದು ಸರಕಿನ ಗುಣ. ಎಡಿಪಿ ಹೇಳುವುದು ಮಾರುಕಟ್ಟೆಯ ದರ. ಎರಡರ ನಡುವಿನ ಅಂತರದಲ್ಲಿ ಲಾಭವಿದೆ. 2023ರಲ್ಲಿ ಬ್ರೀಸ್ ಹಾಲ್ ಅವರನ್ನು ತಡವಾದ ಸುತ್ತಿನಲ್ಲಿ ಪಡೆದವರಿಗೆ ಆದದ್ದು ಇದೇ.

ಈ ಲೆಕ್ಕಗಳಲ್ಲಿ ಆಟಗಾರನು ಒಬ್ಬ ಮನುಷ್ಯ ಎಂಬುದು ಮರೆಯಾಗುವ ಸಂಭವವಿದೆ. ನಿರೀಕ್ಷಿತ ಅಂಕ ಬರದಿದ್ದಾಗ ಅಥವಾ ಗಾಯಗೊಂಡು ಹೊರಗುಳಿದಾಗ ಸಾಮಾಜಿಕ ಜಾಲತಾಣಗಳಲ್ಲಿ ನಿಂದನೆಗೆ ಗುರಿಯಾಗಿರುವುದಾಗಿ ಹಲವು ಆಟಗಾರರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ರಾಜರ್ಸ್ ಚೇತರಿಸಿಕೊಂಡು 2024ರಲ್ಲಿ ಜೆಟ್ಸ್ ಪರ 17 ಪಂದ್ಯಗಳನ್ನೂ ಆಡಿದರು. 3,897 ಯಾರ್ಡ್, 28 ಟಚ್‌ಡೌನ್, 11 ಇಂಟರ್‌ಸೆಪ್ಷನ್; ಎಸೆತದ ಅಂಕ ಸುಮಾರು 246. ಗ್ಯಾರೆಟ್ ವಿಲ್ಸನ್ ಅವರ ಹಿಡಿತಗಳು 101ಕ್ಕೂ ಟಚ್‌ಡೌನ್‌ಗಳು 7ಕ್ಕೂ ಏರಿದವು. ಒಂದು ವರ್ಷ ಹಿಂದೆ ಮಾಡಿದ ಅಂದಾಜು ಒಂದು ವರ್ಷ ತಡವಾಗಿ ಬಹುಮಟ್ಟಿಗೆ ನಿಜವಾಯಿತು. ಆದರೂ ತಂಡ ಗೆದ್ದದ್ದು 5 ಪಂದ್ಯ ಮಾತ್ರ. ಮುಖ್ಯ ತರಬೇತುದಾರ ರಾಬರ್ಟ್ ಸಾಲೆ ಅಕ್ಟೋಬರ್‌ನಲ್ಲೇ ಹುದ್ದೆ ಕಳೆದುಕೊಂಡಿದ್ದರು. ಆಟಗಾರರ ಫ್ಯಾಂಟಸಿ ಅಂಕಕ್ಕೂ ತಂಡದ ಗೆಲುವಿಗೂ ನೇರ ಸಂಬಂಧವಿಲ್ಲ.

ಕಾನೂನು ಮತ್ತು ಭಾರತದ ಸಂದರ್ಭ

ಅಂದಾಜಿನ ಪ್ರಶ್ನೆ ನ್ಯಾಯಾಲಯದವರೆಗೂ ಹೋಗುವಂತಹುದು. ಫ್ಯಾಂಟಸಿ ಆಟ ಕೌಶಲವೋ ಜೂಜೋ ಎಂಬ ವಿವಾದದಲ್ಲಿ, ಅಧ್ಯಯನದಿಂದ ಫಲಿತಾಂಶವನ್ನು ಸ್ವಲ್ಪಮಟ್ಟಿಗಾದರೂ ಊಹಿಸಬಹುದು ಎಂಬುದೇ ಕೌಶಲವೆನ್ನುವವರ ಆಧಾರ. ಅಮೆರಿಕದ 2006ರ ಅಂತರಜಾಲ ಜೂಜು ಕಾಯಿದೆಯು, ಫಲಿತಾಂಶವು ಆಡುವವರ ಜ್ಞಾನ ಮತ್ತು ಕೌಶಲವನ್ನು ಪ್ರತಿಬಿಂಬಿಸಬೇಕೆಂಬ ಷರತ್ತು ಸೇರಿದಂತೆ ಕೆಲವು ಷರತ್ತುಗಳ ಮೇಲೆ ಫ್ಯಾಂಟಸಿ ಕ್ರೀಡೆಗೆ ವಿನಾಯಿತಿ ನೀಡಿದೆ.

ಕನ್ನಡ ಓದುಗರಿಗೆ ಫ್ಯಾಂಟಸಿ ಆಟ ಪರಿಚಿತವಾದದ್ದು ಬಹುಪಾಲು ಕ್ರಿಕೆಟ್ ಮೂಲಕ, 2008ರಲ್ಲಿ ಸ್ಥಾಪನೆಯಾದ ಡ್ರೀಮ್11 ಮೊದಲಾದ ಸಂಸ್ಥೆಗಳಿಂದ. ಅಲ್ಲಿನ ಸ್ಪರ್ಧೆ ಸಾಮಾನ್ಯವಾಗಿ ಒಂದೇ ಪಂದ್ಯದ್ದು; ಆದ್ದರಿಂದ ಇಡೀ ಋತುವಿನ ಅಂದಾಜಿಗಿಂತ ಆ ದಿನದ ಪಿಚ್, ಟಾಸ್ ಮತ್ತು ಆಡುವ ಹನ್ನೊಂದರ ಪಟ್ಟಿಗೆ ಪ್ರಾಧಾನ್ಯ. ಒಂದು ಪಂದ್ಯದಲ್ಲಿ ಅದೃಷ್ಟದ ಪಾಲು ಹೆಚ್ಚು, ಹದಿನೇಳು ಪಂದ್ಯಗಳಲ್ಲಿ ಕಡಿಮೆ ಎಂಬುದು ಸಂಖ್ಯಾಶಾಸ್ತ್ರದ ಸಾಮಾನ್ಯ ತತ್ತ್ವ. ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ 2017ರಲ್ಲಿ ಡ್ರೀಮ್11 ಆಟವನ್ನು ಕೌಶಲದ ಆಟವೆಂದು ಪರಿಗಣಿಸಿತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಆ ಸಂಸ್ಥೆ ರಾಜ್ಯದಲ್ಲಿ ತನ್ನ ಸೇವೆಯನ್ನು ಸ್ಥಗಿತಗೊಳಿಸಿತ್ತು. 2022ರ ಫೆಬ್ರವರಿ 14ರಂದು ಕರ್ನಾಟಕ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಸಂಬಂಧಪಟ್ಟ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಕೌಶಲ–ಅದೃಷ್ಟ ಎಂಬ ಭೇದವನ್ನು ಬದಿಗಿಟ್ಟು, ಹಣ ತೊಡಗಿಸಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ದೇಶಾದ್ಯಂತ ನಿಷೇಧಿಸಿತು. ಡ್ರೀಮ್11 ಅದರ ಬೆನ್ನಲ್ಲೇ ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು.